ಬಿಷಪ್ಪರಿಗೊಂದು ಹಲಗೆ

ಮಹಾಬಲೇಶ್ವರ ಹಾರ ತರಲಿಲ್ಲ. ಅವನ ಚೀಲದಲ್ಲಿ ಒಂದು ಹಲಗೆ ಇತ್ತು.

"ಅದನ್ನ ಇಲ್ಲಿ ಹೊರಗೆ ತೆಗೀಬೇಡಿ. ಮಗು ಕೂತಿದೆ," ಎಂದಳು ಹೆಂಡತಿ ಅನುರಾಧಾ.

"ನೋಡಲಿ. ಅಪ್ಪ ಏನು ಅನುಭವಿಸಿದ ಅಂತ ಅವಳಿಗೂ ಗೊತ್ತಾಗಲಿ."

2006ರ ರಾಜ್ಯೋತ್ಸವ. ಸ್ವೀಡನ್ನಿನ ಸೊಲ್ಲೆಂಟುನಾದ ಬಾಡಿಗೆ ಸಭಾಂಗಣದಲ್ಲಿ ಕನ್ನಡ ಸಂಘದ ನಲವತ್ತು ಜನ ಸೇರಿದ್ದರು. ವೇದಿಕೆಯ ಮೇಲೆ ಬಿಷಪ್ ವಿಟ್ಕಂಬ್, ಎಂಬತ್ತನಾಲ್ಕರ ಆಂಗ್ಲಿಕನ್ ಪಾದ್ರಿ. ಹತ್ತಿರದ ಸೋಲ್ನಾದಲ್ಲಿರುವ ಮಗಳ ಮನೆಗೆ ಬಂದವರನ್ನು ಕಾರ್ಯದರ್ಶಿ ರಮಾನಂದ ಹಿಡಿದು ತಂದಿದ್ದ. ಕರ್ನಾಟಕದಲ್ಲಿ ಇಪ್ಪತ್ತು ವರ್ಷ ಮಿಷನ್ ಶಾಲೆ ನಡೆಸಿದರು, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿದರು, ಆಮೇಲೆ ಆಫ್ರಿಕಾದಲ್ಲಿ ಬಿಷಪ್ಪರಾದರು ಎಂದು ಹೊಗಳುತ್ತಲೇ ಇದ್ದ.

ಮಹಾಬಲೇಶ್ವರ ಆ ಶಾಲೆಯಲ್ಲೇ ಓದಿದವನು. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವನ ಕತ್ತಿಗೆ ಹೆಡ್‌ಮಾಸ್ಟರ್ ವಿಟ್ಕಂಬ್ ಈ ಹಲಗೆ ನೇತುಹಾಕುತ್ತಿದ್ದರು. 'ನಾನು ಕತ್ತೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸಂಜೆ ಗಂಟೆ ಹೊಡೆಯುವ ತನಕ ತೆಗೆಯುವಂತಿರಲಿಲ್ಲ. ಶಾಲೆ ಬಿಟ್ಟ ದಿನ ಅವನು ಅದನ್ನು ಕದ್ದು ತಂದಿದ್ದ. ಸತ್ತರೂ ಕನ್ನಡ ಬಿಡುವುದಿಲ್ಲ ಎಂದು ಅಂದೇ ಹಟ ತೊಟ್ಟಿದ್ದ.

ಹಟ ಗೆದ್ದಿತ್ತು. ಸ್ವೀಡನ್ನಿನಲ್ಲೇ ಹುಟ್ಟಿದ ಮಗಳು ಕೃತಿ ಎಂಟನೇ ವಯಸ್ಸಿಗೆ ತಪ್ಪಿಲ್ಲದ ಕನ್ನಡ ಆಡುತ್ತಿದ್ದಳು. ಹೇಗೆ ಕಲಿಸಿದಿರಿ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: ಮನೆಯಲ್ಲಿ ಶಿಸ್ತು ಬೇಕು.

ಮುಂದಿನ ಸಾಲಿನಲ್ಲಿ ಕೃತಿ ಪಕ್ಕದ ಆಯುಷ್‌ನ ಕಿವಿಯಲ್ಲಿ ಸ್ವೀಡಿಷಿನಲ್ಲಿ ಏನೋ ಅಂದು ನಕ್ಕಳು. ತಕ್ಷಣ ಬಾಯಿ ಮುಚ್ಚಿಕೊಂಡಳು.

ರಮಾನಂದ ಸನ್ಮಾನದ ಶಾಲು ಬಿಚ್ಚಿದ. ಮಹಾಬಲೇಶ್ವರ ಅವನನ್ನು ಸರಿಸಿ ವೇದಿಕೆ ಹತ್ತಿದ. ಹಲಗೆ ಹೊರಬಂತು.

"ಸರ್, ನೆನಪಿದೆಯಾ?"

ಬಿಷಪ್ಪರು ಹಲಗೆಯನ್ನೇ ನೋಡಿದರು. ಕನ್ನಡದಲ್ಲೇ ಹೇಳಿದರು: "ಇದೆಯಪ್ಪ. ಆಗ ಇದಕ್ಕೆ ಸೆಣಬಿನ ಹುರಿ ಇತ್ತು."

"ಅದು ಸವೆದು ಹೋಯ್ತು. ಹೊಸದು ಕಟ್ಟಿದೀನಿ. ಕಾರ್ಯಕ್ರಮ ಮುಗಿಯೋ ತನಕ ನೀವು ಇದನ್ನ ಹಾಕ್ಕೊಂಡಿರಬೇಕು."

ರಮಾನಂದ ಅವನ ತೋಳು ಹಿಡಿದ. ಸಭೆಯಲ್ಲಿ ಯಾರೋ ಬೈದರು. ಮಹಾಬಲೇಶ್ವರ ಕದಲಲಿಲ್ಲ.

"ಬಿಡಿ ಅವನನ್ನು," ಎಂದರು ಬಿಷಪ್ಪರು. "ತಪ್ಪು ನನ್ನದೇ." ಬೆಳ್ಳಗಿನ ತಲೆ ಬಗ್ಗಿತು.

ಮೂವತ್ತು ವರ್ಷ ಕಾದ ಗಳಿಗೆ. ಮಹಾಬಲೇಶ್ವರ ಎರಡೂ ಕೈಯಲ್ಲಿ ಹಲಗೆ ಎತ್ತಿದ.

ಅಷ್ಟರಲ್ಲಿ ಕೃತಿ, ಯಾರೂ ಕರೆಯದೆ, ಮೆಟ್ಟಿಲು ಹತ್ತಿ ಬಂದು ಅಪ್ಪನ ಮುಂದೆ ನಿಂತಳು. ದಾರಕ್ಕೆ ಅಡ್ಡ ಬರದಂತೆ ಎರಡೂ ಜಡೆಗಳನ್ನು ರೂಢಿಯಂತೆ ಮೇಲೆತ್ತಿ ಹಿಡಿದು ಕತ್ತು ಬಗ್ಗಿಸಿದಳು.

"ಒಂದೇ ಮಾತು ಆಡಿದ್ದು, ಅಪ್ಪ."