ಎರಡು ಗಿಡ್ಡ, ಒಂದು ಉದ್ದ

ಹತ್ತು ಜನರ ಕತ್ತು ಮೇಲಿತ್ತು. ಹನ್ನೊಂದನೆಯವನದು ಕೆಳಗೆ. ಗೈಡ್‌ಗೆ ಗುಮಾನಿ ಹುಟ್ಟಿದ್ದೇ ಅಲ್ಲಿ.

ಮರಕುಟಿಗ ಟೊಕಟೊಕ ಅನ್ನುತ್ತಿತ್ತು. ಕ್ಯಾಮೆರಾಗಳೆಲ್ಲ ಅದರತ್ತ ಎದ್ದಿದ್ದವು. ಮುದುಕ ಮಾತ್ರ ನೆಲ ನೋಡುತ್ತ ನಿಂತಿದ್ದ. ಇಸ್ತ್ರಿ ಗೆರೆ ಮಾಸದ ಅಂಗಿ, ಪೇಟೆ ಚಪ್ಪಲಿ. ಕಾಡಿಗೆ ಬಂದವನ ಲಕ್ಷಣ ಒಂದೂ ಇಲ್ಲ.

"ಯಜಮಾನ್ರೇ, ಹಕ್ಕಿ ಮೇಲಿದೆ. ಕೆಳಗೆ ಏನು ಬೀಳಿಸಿಕೊಂಡ್ರಿ?"

"ದಾರಿ ನೋಡ್ತಿದ್ದೆ. ದಿನಾ ಇದೇ ದಾರೀಲಿ ಓಡಾಡ್ತೀರಾ?"

"ನಾವು ಓಡಾಡ್ತೀವಿ. ನೀವು ಬಂದು ಹೋಗ್ತೀರಿ."

ಟೋಪಿಯವನೊಬ್ಬ ನಕ್ಕ. ಮುದುಕ ನಗಲಿಲ್ಲ.

ಗೈಡ್‌ಗೆ ಪ್ರವಾಸಿಗಳನ್ನು ಕಂಡರೆ ಮೈಯೆಲ್ಲ ಉರಿ. ಗೇಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತಿದ್ದರು. ಒಂದೇ ಪ್ರಶ್ನೆ: ಯಾಕೆ ಬಂದಿರಿ? ಹೆಸರು, ಊರು ಬರೆಯುವಂತಿಲ್ಲ. ಮಡಚಿ ತಗಡಿನ ಡಬ್ಬಿಗೆ ಹಾಕಬೇಕು. ಬಸ್ಸು ಹೊರಟ ಮೇಲೆಯೇ ಬೀಗ ತೆಗೆಯುವುದು. ಹೆಸರಿಲ್ಲದಿದ್ದರೂ ಜನ ಸುಳ್ಳನ್ನೇ ಬರೆಯುತ್ತಿದ್ದರು. ನೆಮ್ಮದಿಗೆ. ಶುದ್ಧ ಗಾಳಿಗೆ. ಮಕ್ಕಳಿಗೆ ಪ್ರಕೃತಿ ತೋರಿಸಲು. ಒಬ್ಬ ಪುಣ್ಯಾತ್ಮ ಮಾತ್ರ ನಿಜ ಬರೆದಿದ್ದ: ಹೆಂಡತಿ ಎಳೆದುಕೊಂಡು ಬಂದಳು.

ಈ ಚೀಟಿ ಅಣ್ಣನ ಏರ್ಪಾಡು. ಅಣ್ಣ ಈ ಕ್ಯಾಂಪಿನ ಮೊದಲ ಗೈಡ್. ಎಲ್ಲರಿಗೂ ಅಣ್ಣನೇ. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಬಂದ ಈ ಗೈಡ್‌ಗೆ ಕಾಡು ಓದಲು ಕಲಿಸಿದವನು.

"ಪರಿಸರ ಪ್ರವಾಸ ಅಂದ್ರೆ ಬ್ರಹ್ಮವಿದ್ಯೆ ಅಲ್ಲ ಕಣೋ," ಅನ್ನುತ್ತಿದ್ದ. "ನೆಂಟರ ಮನೆಗೆ ಹೋದಂಗೆ. ಹೇಳದೆ ಅಟ್ಟ ಹತ್ತಬಾರದು. ಮಲಗಿರೋ ಮಗು ಎಬ್ಬಿಸಬಾರದು. ಹೋಗುವಾಗ ಆ ಮನೆ ಒಲೆ ಉರಿಯೋ ಹಂಗೆ ಏನಾದ್ರೂ ಕೊಟ್ಟು ಹೋಗಬೇಕು."

"ನಿನಗೆ ಮನೆ ಕಡೆ ಯಾರಿದ್ದಾರಣ್ಣ?"

"ಕಾಡೇ ನಮ್ಮಪ್ಪ. ಬಿಡೋ ಆ ಮಾತು."

ಹೋದ ವರ್ಷ ಮೊದಲ ಮಳೆ ಬಿದ್ದ ವಾರ ಒಬ್ಬ ಪ್ರವಾಸಿ ಫೋಟೊ ಹುಚ್ಚಿಗೆ ಹೊಳೆ ನಡುವಿನ ಬಂಡೆ ಹತ್ತಿ ಜಾರಿದ. ಅಣ್ಣ ಧುಮುಕಿ ಅವನನ್ನು ದಡಕ್ಕೆ ತಳ್ಳಿದ. ಹೊಳೆ ಅಣ್ಣನನ್ನು ಇಟ್ಟುಕೊಂಡಿತು. ಬದುಕಿದವನು ಮರುವಾರ ಕ್ಯಾಂಪಿಗೆ ಕಾಗದ ಬರೆದ: ಇಲ್ಲಿ ಸುರಕ್ಷತೆ ಸಾಲದು.

ಅಣ್ಣನದು ಅಂತ ಉಳಿದದ್ದು ಒಂದು ಸಿಳ್ಳೆ. ಎರಡು ಗಿಡ್ಡ, ಒಂದು ಉದ್ದ. ಹಿಂದೆ ಬಿದ್ದವರನ್ನು ಕೂಡಿಸಲು ದಿನಕ್ಕೆ ಹತ್ತು ಸಲ ಹಾಕುತ್ತಿದ್ದ. ಹೊಳೆ ತಿರುವಿನ ಮರದಲ್ಲೊಂದು ಕರಿಹಕ್ಕಿ ಇತ್ತು. ಕಂಡವರ ದನಿ ಕದಿಯುವ ಕಳ್ಳಹಕ್ಕಿ. ಆ ಸಿಳ್ಳೆಯನ್ನೂ ಕದ್ದಿತ್ತು. ಈಚೆಗೆ ಬಸ್ಸು ಹಿಂದೆ ಬರುವಾಗಿನ ಪೀಂ ಪೀಂ ಕಲಿತಿತ್ತು. ಹೊಸದು ಬಂದಷ್ಟೂ ಹಳೆಯದು ಸವೆಯುತ್ತಿತ್ತು. ಸಿಳ್ಳೆ ಈಗ ವಾರಕ್ಕೊಂದು ಸಲ ಕೇಳಿದರೆ ಹೆಚ್ಚು.

ಹೋದ ವರ್ಷ ಯಾರೋ ಆ ಹಕ್ಕಿಯ ದನಿಯನ್ನು ಫೋನಿಗೆ ಹಿಡಿದು ಅದಕ್ಕೇ ಕೇಳಿಸಿದ್ದರು. ಬೇರೆ ಹಕ್ಕಿ ಬಂತೆಂದು ಅದು ಮೈಮೇಲೆ ಬಂದವರಂತೆ ಹಾರಾಡಿ, ಕೊನೆಗೆ ಮೊಟ್ಟೆ ಬಿಟ್ಟು ಹೋಗಿತ್ತು. ಅಂದಿನಿಂದ ಗೇಟಿನಲ್ಲಿ ಕೆಂಪು ಬೋರ್ಡು: ಫೋಟೊ ತೆಗೆಯಿರಿ, ದನಿ ಹಿಡಿಯಬೇಡಿ.

ತಿರುವು ಬಂತು. ಗೂಡಿನಲ್ಲಿ ಮತ್ತೆ ಮೊಟ್ಟೆ ಇತ್ತು. ಪೀಂ ಪೀಂ ಅಂದಿತು ಹಕ್ಕಿ. ಜನ ನಕ್ಕರು. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಎರಡು ಗಿಡ್ಡ, ಒಂದು ಉದ್ದ.

ಗೈಡ್‌ನ ಹೆಜ್ಜೆ ನಿಂತಿತು. ತಿರುಗಿ ನೋಡಿದರೆ ಮುದುಕನ ಕೈಯಲ್ಲಿ ಫೋನು. ಬೊಚ್ಚು ಬಾಯಿಯ ತುಟಿ ಸಿಳ್ಳೆಗೆ ಚೂಪಾಗಿತ್ತು. ಬರೀ ಗಾಳಿ ಬರುತ್ತಿತ್ತು. ಹಕ್ಕಿಯನ್ನು ಕೆಣಕುತ್ತಿದ್ದಾನೆ!

ಗೈಡ್ ಫೋನು ಕಸಿದ. "ಬೋರ್ಡು ಓದಲಿಲ್ವಾ?"

"ಓದ್ದೆ ಮಗಾ. ಒಂದೇ ಸಲ. ಮನೇಲಿ ಒಬ್ರಿಗೆ ಕೇಳಿಸಬೇಕಿತ್ತು."

"ಎಲ್ಲರ ಮನೇಲೂ ಒಬ್ರು ಇರ್ತಾರೆ. ಇದು ನಮ್ಮಣ್ಣನ ಸಿಳ್ಳೆ, ನಿಮ್ಮನೆ ಶೋಕಿಗಲ್ಲ."

ಮುದುಕ ಮರದತ್ತಲೇ ನೋಡುತ್ತಿದ್ದ. "ಕೊನೇದು ಇನ್ನೂ ಸ್ವಲ್ಪ ಎಳೀಬೇಕು. ಹಕ್ಕಿ ಬೇಗ ಮುಗಿಸಿಬಿಡ್ತು."

"ನೋಡ್ರಪ್ಪ, ಹಕ್ಕಿಗೇ ಪಾಠ!" ಅಂದ ಟೋಪಿಯವನು.

ಗೈಡ್ ಅಳಿಸುವ ಗುರುತು ಒತ್ತಿದ. ಖಂಡಿತವೇ ಎಂದು ಫೋನು ಕೇಳಿತು. ಮತ್ತೆ ಒತ್ತಿದ. ಫೋನಿನೊಳಗಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿಯೇ ವಾಪಸು ಕೊಟ್ಟ.

"ನಾಳೆ ಬರಬಹುದಾ?"

"ನಾಳೆಯಿಂದ ದಾರಿ ಬಂದ್. ಮಳೆಗಾಲ. ಇನ್ನು ನಾಲ್ಕು ತಿಂಗಳು."

"ಅಷ್ಟು ದಿನ ಇರಲ್ಲ," ಅಂದ ಮುದುಕ.

"ಇರುತ್ತೆ ಬಿಡಿ. ಹಕ್ಕಿ ಎಲ್ಲೂ ಹೋಗಲ್ಲ."

ವಾಪಸು ಬರುವಾಗ ಮುದುಕ ಹೊಳೆಯ ಬಳಿ ಕೂತ. ಚಪ್ಪಲಿ ಬಿಚ್ಚಿಟ್ಟು, ಬಂಡೆಯ ಕಡೆ ನೋಡುತ್ತ ನೀರಿಗೆ ಕೈ ಅದ್ದಿದ. ತುಂಬ ಹೊತ್ತು ತೆಗೆಯಲಿಲ್ಲ. ಕೈ ತೊಳೆಯಲು ಇಷ್ಟು ಹೊತ್ತಾ ಎಂದು ಗೈಡ್ ಹಲ್ಲು ಕಡಿದ. ಬಸ್ಸು ಕಾಯುತ್ತಿತ್ತು.

ಬಸ್ಸು ಪೀಂ ಪೀಂ ಎಂದು ಹಿಂದೆ ಬಂದು, ತಿರುಗಿ, ಹೊರಟೇಹೋಯಿತು. ಕಾಡಿನೊಳಗಿಂದ ಹಕ್ಕಿಯೂ ಪೀಂ ಪೀಂ ಅಂದಿತು. ಇವತ್ತು ಅಣ್ಣನ ಸಿಳ್ಳೆಯನ್ನು ಕಾಪಾಡಿಕೊಂಡೆ ಎಂಬ ಹೆಮ್ಮೆಯಲ್ಲಿ ಗೈಡ್ ಡಬ್ಬಿಯ ಬೀಗ ತೆಗೆದ. ನೆಮ್ಮದಿಗೆ. ಗಾಳಿಗೆ. ನೆಮ್ಮದಿಗೆ. ಫೋಟೊಗೆ. ಹತ್ತು ಚೀಟಿ ಓದಿ ಪಕ್ಕಕ್ಕಿಟ್ಟ. ಹನ್ನೊಂದನೆಯದು ಹಳೆಯ ಕಾಲದ ದುಂಡು ಅಕ್ಷರದಲ್ಲಿತ್ತು.

"ಮಗ ಚಿಕ್ಕವನಿದ್ದಾಗ ಊಟಕ್ಕೆ ಕರೆಯಲು ನಾನು ಹಾಕುತ್ತಿದ್ದ ಸಿಳ್ಳೆ ಇಲ್ಲಿನ ಹಕ್ಕಿಯೊಂದಕ್ಕೆ ಬರುತ್ತದಂತೆ, ಹಲ್ಲಿಲ್ಲದ ನನಗೆ ಈಗ ಬರುವುದಿಲ್ಲ, ಹಾಸಿಗೆ ಹಿಡಿದಿರುವ ಅವನ ತಾಯಿ ಒಮ್ಮೆ ಕೇಳಬೇಕು ಅನ್ನುತ್ತಿದ್ದಾಳೆ."