ಅಡಿಗೆಯವನ ಹೆಗಲು

ಅವರೆಕಾಳು ಬಾತು ತಳ ಹಿಡಿದ ವಾಸನೆ ಕಟ್ಟಾಯ ಊರಿನ ಬೀದಿಗೆಲ್ಲ ಹಬ್ಬಿದಾಗ ಸಿದ್ದೇಶ್ವರನಿಗೆ ಕೈಕಾಲೇ ಆಡಲಿಲ್ಲ. ಹೆಂಡತಿ ಯಶಸ್ವಿನಿಯ ಸೀಮಂತಕ್ಕೆ ಬರಬೇಕಿದ್ದ ಅಡಿಗೆಯವರು ಕೈಕೊಟ್ಟಿದ್ದರು. "ಮಿಲ್ಟ್ರೀಲಿ ಸಾವ್ರ ಜನಕ್ಕೆ ಬೇಯಿಸಾಕೋನು ಮನೇಲೇ ಅವ್ನೆ, ಇನ್ನೇನ್ ಯೋಚ್ನೆ?" ಎಂದು ಸೋದರಮಾವ ಪಾಲಾಕ್ಷ ರಜೆಗೆ ಬಂದಿದ್ದ ಅವನನ್ನೇ ಒಲೆಯ ಮುಂದೆ ನಿಲ್ಲಿಸಿದ್ದ.

ಪಾಪ, ಸಿದ್ದೇಶ್ವರನಿಗೆ ಅನ್ನಕ್ಕೆ ಎಸರಿಡಲೂ ಬಾರದು. ಎಂಟು ವರ್ಷದ ಹಿಂದೆ ಸೈನ್ಯಕ್ಕೆ ಹೊರಟಾಗ ಅವ್ವ ದಾಕ್ಷಾಯಣಮ್ಮ ಊಟ ಬಿಟ್ಟು ಕೂತಿದ್ದಳು. ಅವಳನ್ನು ಸಮಾಧಾನಪಡಿಸಲು "ಅಡಿಗೆ ಕೆಲ್ಸ ಕಣವ್ವ, ಬಂದೂಕ ಮುಟ್ಟಂಗೇ ಇಲ್ಲ" ಎಂದಿದ್ದ. ಮದುವೆಯಾದ ಮೇಲೆ ಹೆಂಡತಿಗೂ ಅದೇ ಸುಳ್ಳು. ಈಗಂತೂ ಅವಳಿಗೆ ಬಿಪಿ ಏರಿ, ಯಾವ ದಿಗಿಲೂ ಆಗಕೂಡದೆಂದು ಡಾಕ್ಟರು ಗದರಿಸಿ ಹೇಳಿದ್ದರು.

ದಾಕ್ಷಾಯಣಮ್ಮ ಬಂದು ಪಾತ್ರೆಯೊಳಗೆ ಸೌಟು ಆಡಿಸಿ ಒಂದಗುಳು ಬಾಯಿಗೆ ಹಾಕಿಕೊಂಡಳು. ತಳ ಕಪ್ಪು, ಮೇಲೆ ಉಪ್ಪೇ ಇಲ್ಲ. ಮಗನ ಮುಖವನ್ನೊಮ್ಮೆ ನೋಡಿದಳು. ಮೇಲಿನ ಬಾತನ್ನು ಬೇರೆ ಪಾತ್ರೆಗೆ ತೆಗೆದು, ಉಪ್ಪು, ನಿಂಬೆರಸ, ತುಪ್ಪ ಕಲಸಿ, "ಅಲ್ಲೆಲ್ಲ ಗ್ಯಾಸು, ಮಿಸೀನು. ಸೌದೆ ಒಲೆ ಮರ್ತೇ ಓಗ್ಯದೆ ನನ್ ಮಗಂಗೆ" ಎಂದು ನೆಂಟರಿಗೆ ತಾನೇ ಸಮಜಾಯಿಷಿ ಕೊಟ್ಟಳು.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಕೂರಿಸಿ ಮಗನಿಗೆ ಹರಳೆಣ್ಣೆ ತಿಕ್ಕುತ್ತಿದ್ದವಳ ಕೈ ಬಲಹೆಗಲ ಮೇಲೆ ತಡೆದು ನಿಂತಿತು.

"ಅಡಿಗೆ ಮಾಡೋನ ಕೈ ಸುಟ್ಟಿರ್ತದೆ ಕಣಪ್ಪ. ನಿನ್ ಕೈಯಾಗೆ ಒಂದು ಕಲೆ ಇಲ್ಲ. ಹೆಗಲು ಯಾಕ್ಲಾ ನೊಗ ಹೊತ್ತ ಎತ್ತಿನಂಗೆ ಗಡ್ಡೆ ಕಟ್ಕಂಡದೆ?"

ಇನ್ನು ಮುಚ್ಚಿಡುವುದು ಅವನ ಕೈಲಾಗಲಿಲ್ಲ. "ವಿಮಾನ ಹೊಡೆಯೋ ಕ್ಷಿಪಣಿ ಕಣವ್ವ. ಕೊಳವೇಲಿರ್ತದೆ. ಹೆಗಲ ಮ್ಯಾಲೆ ಹೊತ್ಕಂಡು ಗುಡ್ಡದ ತುದೀಲಿ ಕಾಯ್ತೀನಿ."

"ಅಷ್ಟೆತ್ತರದಾಗೆ ಓಗೋದು ಎಂಗ್ಲಾ ಸಿಕ್ತದೆ?"

"ಅದ್ರ ಇಂಜಿನ್ ಬಿಸಿ ಹಿಡ್ಕಂಡು ಹಿಂದ್ಲೇ ಓಯ್ತದೆ."

"ಹೊಡೆದ್ಮ್ಯಾಲೆ ನೀನು?"

ಇದೊಂದನ್ನು ಕೇಳದಿದ್ದರೆ ಸಾಕು ಎಂದುಕೊಂಡಿದ್ದ. "ಹೊಗೆ ನೋಡಿದ್ರೆ ವೈರಿಗಳಿಗೆ ನಾನೆಲ್ಲಿದೀನಿ ಅಂತ ಗೊತ್ತಾಗ್ಬುಡ್ತದೆ. ತಕ್ಷಣ ಅಲ್ಲಿಂದ ಓಡ್ಬೇಕು. ಅವ್ವ, ಅವ್ಳಿಗೆ ಮಾತ್ರ ಏಳ್ಬ್ಯಾಡ."

ಅಷ್ಟರಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಯಶಸ್ವಿನಿ ಹಿತ್ತಲ ಬಾಗಿಲಿಗೆ ಬಂದಳು. "ಏನತ್ತೆ, ತಾಯಿ ಮಗಂದು ಅಷ್ಟೊತ್ತಿಂದ ಗುಟ್ಟು?"

ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹರಳೆಣ್ಣೆ ಕಣ್ಣಿಗೆ ಬಿತ್ತು ಕಣವ್ವ. ಅರವತ್ತು ಜನದ ಬಾತಿಗೆ ಉಪ್ಪೆಷ್ಟು ಅಂತ ನಿನ್ ಗಂಡಂಗೆ ಏಳ್ಕೊಡ್ತಿದ್ದೆ."

ಯಶಸ್ವಿನಿ ನಗುತ್ತಾ ಒಳಗೆ ಹೋದಳು. ದಾಕ್ಷಾಯಣಮ್ಮ ಹೆಗಲು ಬಿಟ್ಟು ಕೆಳಗೆ ಕೂತಳು. ಬಟ್ಟಲಲ್ಲಿದ್ದ ಎಣ್ಣೆಯನ್ನೆಲ್ಲ ಅಂಗೈಗೆ ಸುರಿದುಕೊಂಡು ಮಗನ ಮೀನಖಂಡಗಳನ್ನು ಬಲವಾಗಿ ತಿಕ್ಕತೊಡಗಿದಳು.

"ಕಾಲು ನೀಡ್ಲಾ ಸರಿಯಾಗಿ. ಓಡೋವಾಗ ಹಿಡ್ಕಬಾರ್ದು."