ಬರೀ ಗ್ರಾಹಕರು

ಒಂದು ವರ್ಷದ ಠೇವಣಿ ಎಂದು ಹೇಳಿ, ಬ್ಯಾಂಕಿನ ಗುಮಾಸ್ತೆ ಟೈಲರಮ್ಮನಿಂದ ಹತ್ತು ವರ್ಷದ ವಿಮೆಯ ಅರ್ಜಿಗೆ ಸಹಿ ಹಾಕಿಸಿಕೊಂಡಿದ್ದಳು. ಟೈಲರಮ್ಮ ಓದಿ ನೋಡಿರಲಿಲ್ಲ. ಗುಮಾಸ್ತೆ ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಹಾಕುವುದು ಆ ಕೌಂಟರಿನಲ್ಲಿ ಇಪ್ಪತ್ತು ವರ್ಷದ ರೂಢಿ.

ವರ್ಷ ತುಂಬಿದ ಬೆಳಿಗ್ಗೆಯೇ ಟೈಲರಮ್ಮ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ದುಡ್ಡು ಕೊಡು ತಂಗಿ. ಗುರುವಾರ ಕಣ್ಣಿನ ಆಪರೇಷನ್. ಮೊನ್ನೆ ಒಬ್ಬರ ಅಂಗಿಗೆ ಎರಡೂ ಎಡಗೈ ತೋಳೇ ಹೊಲಿದುಬಿಟ್ಟೆ. ಆ ಮಹಾರಾಯ ಬೈಲಿಲ್ಲ ಕಣೆ, ನಕ್ಕ. ಅದೇ ಹೊಟ್ಟೆ ಉರೀತು."

ಗುಮಾಸ್ತೆ ಅರ್ಜಿಯ ಪ್ರತಿ ತೆಗೆದು ಕೌಂಟರಿನ ಮೇಲಿಟ್ಟಳು. "ಅಮ್ಮಾ... ಅದು ಠೇವಣಿ ಅಲ್ಲ, ಹತ್ತು ವರ್ಷದ ವಿಮೆ. ಮೊದಲ ಐದು ವರ್ಷ ದುಡ್ಡು ಮುಟ್ಟೋ ಹಾಗಿಲ್ಲ."

ಟೈಲರಮ್ಮ ಕಾಗದವನ್ನು ಮೂಗಿನ ತನಕ ತಂದು ನೋಡಿದಳು. ಕಂಪನಿಯೊಂದು ಕೊಳ್ಳುವ ಮೊದಲು, ಅದು ಸದಸ್ಯರದೇ ಸಹಕಾರಿ ಬ್ಯಾಂಕಾಗಿದ್ದ ಕಾಲದಲ್ಲಿ ಅವಳದೂ ಒಂದು ಷೇರಿತ್ತು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಚಹಾ ತಿಂಡಿಯ ಖರ್ಚು ಇಷ್ಟೇಕೆ ಎಂದು ಅಧ್ಯಕ್ಷರ ಬೆವರಿಳಿಸಿದ್ದಳು. ಈಗಲೂ ಕೂಗಾಡುತ್ತಾಳೆಂದು ಗುಮಾಸ್ತೆ ಕಾದಳು. ಟೈಲರಮ್ಮ ದನಿ ತಗ್ಗಿಸಿದಳು.

"ನನ್ನದೇ ತಪ್ಪು ಬಿಡು, ಓದಬೇಕಿತ್ತು. ಇದರಿಂದ ನಿನಗೇನೂ ತೊಂದರೆ ಆಗಲ್ಲ ತಾನೆ?"

ಗುಮಾಸ್ತೆಗೆ ನಿಂತ ನೆಲ ಬಾಯಿಬಿಡಬಾರದೆ ಅನ್ನಿಸಿತು. ಆ ವಿಮೆಗೆ ಸಿಕ್ಕಿದ ಕಮಿಷನ್ನಿನಲ್ಲಿ ಅವಳ ಮಗಳ ಕಾಲಿಗೆ ಹೊಸ ಶೂ ಬಂದಿತ್ತು. ತಲೆತಗ್ಗಿಸಿಕೊಂಡು ಮ್ಯಾನೇಜರರ ಕೋಣೆಗೆ ಹೋದಳು. ಕಂಪನಿ ಕೊಂಡ ಮೇಲೆ ಶಾಖೆಯ ಲಾಭ ಮೂರು ಪಟ್ಟಾಗಿದೆ ಎಂಬ ಮೆಚ್ಚುಗೆಪತ್ರ ಅಲ್ಲಿ ಗೋಡೆಯ ಮೇಲಿತ್ತು.

"ಸಾರ್, ಅದನ್ನ ರದ್ದು ಮಾಡಿ ಅವರ ದುಡ್ಡು ಕೊಟ್ಟುಬಿಡೋಣ."

"ಮೇಡಂ, ಮೊದಲು ಇಲ್ಲಿ ಲಾಭ ಯಾಕೆ ತೆವಳ್ತಿತ್ತು ಹೇಳಿ? ಒಳಗೆ ಬಂದೋರೆಲ್ಲ ಮಾಲೀಕರು. ಮಾಲೀಕರ ಜೇಬಿಗೆ ಯಾರಾದ್ರೂ ಕೈ ಹಾಕ್ತಾರಾ? ಈಗ ಮಾಲೀಕ ಕಂಪನಿ. ಇವರು ಬರೀ ಗ್ರಾಹಕರು." ಅವರು ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಎಲ್ಲಾ ತಿಳಿದೇ ಸಹಿ ಹಾಕಿದ್ದೀನಿ ಅಂತ ಅವಳ ಹತ್ರ ಬರೆಸ್ಕೊಂಡು ಬನ್ನಿ. ನೀವು ಹೇಳಿದ್ರೆ ಕೇಳ್ತಾಳೆ."

ಆ ಕೊನೆಯ ಮಾತು ಕೆನ್ನೆಗೆ ಬಾರಿಸಿದ ಹಾಗಾಯಿತು. ಹೌದು, ಕೇಳುತ್ತಾಳೆ. ಕಟ್ಟಡ, ಕುರ್ಚಿ, ಮೇಜುಗಳ ಜೊತೆ ಕಂಪನಿ ಆ ನಂಬಿಕೆಯನ್ನೂ ಕೊಂಡಿತ್ತು; ಮಾರಿದವಳು ತಾನು. ಗಾಜಿನಾಚೆ ಟೈಲರಮ್ಮ, ಬೇರೆಯವರಿಗೆ ಜಾಗವಾಗಲೆಂದು ಬೆಂಚಿನ ತುದಿಗೆ ಮುದುರಿ ಕೂತಿದ್ದಳು.

"ಬರೆಸ್ಕೊಳ್ಳಲ್ಲ ಸಾರ್."

"ಏನಂದ್ರಿ?"

"ಅವರ ಹತ್ರ ಬರೆಸ್ಕೊಳ್ಳಲ್ಲ. ಬೇಕಿದ್ರೆ ನನ್ನ ಹತ್ರ ಬರೆಸ್ಕೊಳ್ಳಿ, ಗೊತ್ತಿದ್ದೇ ಸುಳ್ಳು ಹೇಳಿದೆ ಅಂತ. ಹೇಳಿಸಿದ್ದು ಯಾರು ಅಂತಾನೂ ಬರೀತೀನಿ."